ಲ್ಯಾಸಿಯ ಮರಿಗಳು

ನಮ್ಮ ಶಾಲೆಯ ಲೈಬ್ರರಿ ಎಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತಿರುವ ಒಂದು ಕಬ್ಬಿಣದ ಕಪಾಟು. ಅದರ ಕೀಲಿಕೈ ಹದಿನಾಲ್ಕು ವರ್ಷದಿಂದ ನನ್ನ ಹತ್ತಿರವೇ ಇದೆ, ಯಾರೂ ಕೇಳುವವರಿಲ್ಲದ್ದರಿಂದ. ಅದರ ಕೆಳಗಿನ ಖಾನೆಯಲ್ಲಿ, ಹಳೆಯ ಹಾಜರಿ ಪುಸ್ತಕಗಳ ಅಡಿಯಲ್ಲಿ, ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಎರಿಕ್ ನೈಟ್ ಬರೆದ 'ಲ್ಯಾಸಿ ಕಮ್-ಹೋಮ್'. 1940ರಲ್ಲಿ ಬಂದ ಪುಸ್ತಕ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಕಥೆ ಮಾಡಿ ಹೇಳೋಣವೆಂದು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ರಾತ್ರಿ ಅದನ್ನು ಹಿಡಿದು ಕೂತದ್ದನ್ನು ನೋಡಿ ನಮ್ಮ ಮನೆಯವರು, "ನಾಯಿ ವಿಷಯ ಇನ್ನೂ ಸಾಕಾಗಿಲ್ಲೇನು ನಿನಗ?" ಎಂದರು. ಅವರು ಹಾಗೆ ಅಂದದ್ದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಕಥೆ ಬಹಳ ಜನಕ್ಕೆ ಗೊತ್ತಿದ್ದದ್ದೇ. ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಗಣಿ ಹಳ್ಳಿ. ಗಣಿ ಮುಚ್ಚಿ ಅಪ್ಪನಿಗೆ ಕೆಲಸವಿಲ್ಲ. ಮನೆಯಲ್ಲಿ ಮಾರುವಂಥದ್ದು ಉಳಿದಿರುವುದು ಒಂದೇ, ಮಗ ಜೋ ಪ್ರಾಣದಂತೆ ಪ್ರೀತಿಸುವ ಕಾಲಿ ಜಾತಿಯ ಹೆಣ್ಣುನಾಯಿ ಲ್ಯಾಸಿ. ಊರಿಗೆಲ್ಲ ಹೆಮ್ಮೆಯ ನಾಯಿ ಅದು. ಅದನ್ನು ಶ್ರೀಮಂತ ಡ್ಯೂಕನೊಬ್ಬನಿಗೆ ಮಾರುತ್ತಾರೆ. ನಾಯಿ ಮತ್ತೆ ಮತ್ತೆ ತಪ್ಪಿಸಿಕೊಂಡು ಬರುತ್ತದೆ. ಬರುವುದೆಲ್ಲಿಗೆ? ಶಾಲೆಯ ಗೇಟಿಗೆ, ಸಂಜೆ ನಾಲ್ಕರ ಹೊತ್ತಿಗೆ, ಹುಡುಗ ಹೊರಗೆ ಬರುವ ಸಮಯಕ್ಕೆ ಸರಿಯಾಗಿ. ಅಪ್ಪ ಪ್ರತಿಸಲವೂ ತಿರುಗಿ ಒಪ್ಪಿಸುತ್ತಾನೆ, ಮಾರಿದ ಮೇಲೆ ಅದು ತಮ್ಮದಲ್ಲ ಎಂಬ ಪ್ರಾಮಾಣಿಕತೆಯಿಂದ. ಕೊನೆಗೆ ಡ್ಯೂಕ್ ಅದನ್ನು ದೂರದ ಸ್ಕಾಟ್ಲೆಂಡಿಗೆ ಒಯ್ಯುತ್ತಾನೆ. ಅಲ್ಲಿಂದಲೂ ನಾಯಿ ಹೊರಡುತ್ತದೆ, ನೂರಾರು ಮೈಲಿ.

ಮೂವತ್ತು ವರ್ಷ ಶಾಲೆಯ ಗೇಟು ಕಂಡವಳು ನಾನು. ಬೆಲ್ಲು ಹೊಡೆದಾಗ ಹೊರಗೆ ಕಾಯುತ್ತಿರುವ ತಾಯಂದಿರನ್ನು, ಅಜ್ಜಂದಿರನ್ನು, ಯಾರೂ ಬಾರದೆ ಕಲ್ಲಿನ ಮೇಲೆ ಕೂತಿರುವ ಮಕ್ಕಳನ್ನು ನೋಡಿದ್ದೇನೆ. ಆದ್ದರಿಂದಲೋ ಏನೋ, ಆ ನಾಲ್ಕು ಗಂಟೆಯ ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ಕಾದಂಬರಿಯ ನಿಜವಾದ ಶಕ್ತಿ ಇರುವುದು ಇಂಥ ಕಡೆಗಳಲ್ಲಿ. ಬಡತನವನ್ನು ನೈಟ್ ಚೆನ್ನಾಗಿ ಬಲ್ಲ. ಜೋನ ತಾಯಿಯನ್ನೇ ನೋಡಿ: ಸಿಡುಕುತ್ತಾಳೆ, ನಾಯಿಯ ಮಾತು ಎತ್ತಬೇಡಿ ಎನ್ನುತ್ತಾಳೆ. ಮೊದಲ ಓದಿಗೆ ಗಡಸು ಹೆಂಗಸು ಅನ್ನಿಸುತ್ತದೆ. ಇರುವಷ್ಟರಲ್ಲಿ ಒಲೆ ಹೊತ್ತಿಸಬೇಕಾದವಳು ಅವಳು ಎಂಬುದನ್ನು ನೆನೆಸಿಕೊಂಡರೆ ಆ ಸಿಡುಕಿನ ಅರ್ಥವೇ ಬೇರೆ. ನಮ್ಮ ಪೈಕಿ ಎಷ್ಟು ಮಂದಿ ತಿಂಗಳ ಕೊನೆಯ ವಾರದಲ್ಲಿ ಅವಳ ಹಾಗೆ ಮಾತಾಡಿಲ್ಲ!

ನನಗೆ ಬಹಳ ಇಷ್ಟವಾದ ಭಾಗ ದಾರಿಯಲ್ಲಿ ಸಿಗುವ ಮುದಿ ದಂಪತಿಗಳದ್ದು. ಸಾಯುವ ಸ್ಥಿತಿಯಲ್ಲಿದ್ದ ನಾಯಿಯನ್ನು ಅವರು ಒಳಗೆ ಕರೆದು ಬದುಕಿಸುತ್ತಾರೆ, ಹಚ್ಚಿಕೊಳ್ಳುತ್ತಾರೆ. ಆದರೆ ನಾಯಿಯ ಚಡಪಡಿಕೆಯನ್ನು ಗಮನಿಸಿದ ಮುದುಕಿಗೆ, ಇದಕ್ಕೆ ಬೇರೆಲ್ಲಿಗೋ ಹೋಗಬೇಕಾಗಿದೆ ಎಂದು ತಿಳಿಯುತ್ತದೆ. ಬಾಗಿಲು ತೆಗೆದು ಬಿಡುತ್ತಾಳೆ. ಹೆಚ್ಚು ಮಾತಿಲ್ಲ. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದವರಿಗೆ ಈ ಪುಟಗಳು ಅರ್ಥವಾಗುತ್ತವೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಪುಸ್ತಕದ ಮೇಲೆ ನನಗೊಂದು ತಕರಾರಿದೆ. ಲ್ಯಾಸಿಯ ನಿಷ್ಠೆ, ಧೈರ್ಯ, ಸಹನೆ ಎಲ್ಲವೂ ಅವಳ 'ರಕ್ತ'ದಿಂದ ಬಂದವು ಎಂಬ ಭಾವನೆ ಕಥೆಯ ಉದ್ದಕ್ಕೂ ಹರಿಯುತ್ತದೆ. ಚಂದದ ನಾಯಿ, ಶುದ್ಧ ತಳಿಯ ನಾಯಿ, ಆದ್ದರಿಂದ ಒಳ್ಳೆಯ ನಾಯಿ! ನಮ್ಮ ಕನ್ನಡದಲ್ಲಿ ಇಂಥದ್ದಕ್ಕೆ 'ಜಾತಿ ನಾಯಿ' ಎಂದೇ ಹೇಳುತ್ತೇವೆ. ಜಾತಿ ಎಂಬ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಒಮ್ಮೆ ತಡೆದು ನೋಡುವುದು ಒಳ್ಳೆಯದು. ಕಾಲಿ ಮೂಲತಃ ಸ್ಕಾಟ್ಲೆಂಡಿನ ಕುರಿ ಅಟ್ಟುವ ನಾಯಿ. 1860ರ ದಶಕದಲ್ಲಿ ವಿಕ್ಟೋರಿಯಾ ರಾಣಿ ಬಾಲ್ಮೋರಲ್ಲಿನಲ್ಲಿ ಇವುಗಳನ್ನು ಕಂಡು ಮೆಚ್ಚಿ ಸಾಕಿದ ಮೇಲೆ ಶ್ರೀಮಂತರ ಕಣ್ಣು ಬಿತ್ತು. ಅಲ್ಲಿಂದ ಪ್ರದರ್ಶನಗಳು, ಬಹುಮಾನಗಳು. ಮೂತಿ ಉದ್ದವಾಗಬೇಕು, ಕೂದಲು ದಟ್ಟವಾಗಬೇಕು ಎಂದು ಆರಿಸಿ ಆರಿಸಿ ಕೂಡಿಸಿದರು. ಕುರಿಯ ಕೆಲಸ ಹಿಂದೆ ಬಿತ್ತು. ಹುಟ್ಟಿನಿಂದಲೇ ಬರುವ ಒಂದು ಕಣ್ಣಿನ ದೋಷ ಈ ತಳಿಯಲ್ಲಿ ಬಹಳ ಸಾಮಾನ್ಯ. ಕಾದಂಬರಿಯಲ್ಲೇ ಒಂದು ವಿಚಿತ್ರವಿದೆ: ದಾರಿಯಲ್ಲಿ ಕುರಿ ಕಾಯುವವರು ಲ್ಯಾಸಿಯನ್ನು ಕಂಡು, ಕುರಿ ಕೊಲ್ಲಲು ಬಂದ ನಾಯಿಯೆಂದು ಗುಂಡು ಹಾರಿಸುತ್ತಾರೆ. ಕುರಿನಾಯಿಯ ಕುಲದಲ್ಲಿ ಹುಟ್ಟಿದವಳಿಗೆ ಕುರುಬರೇ ವೈರಿಗಳು. ಲೇಖಕ ಈ ವ್ಯಂಗ್ಯವನ್ನು ಗಮನಿಸದೆ ಮುಂದೆ ಹೋಗಿಬಿಡುತ್ತಾನೆ.

(ಇನ್ನೊಂದು ತಮಾಷೆ. ಲ್ಯಾಸಿ ಎಂದರೆ ಹುಡುಗಿ ಎಂದು ಅರ್ಥ. 1943ರ ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದು ಪಾಲ್ ಎಂಬ ಗಂಡುನಾಯಿ! ನಮ್ಮ ಹಳೆಯ ಕಂಪನಿ ನಾಟಕಗಳಲ್ಲಿ ಗಂಡಸರು ಸೀರೆ ಉಟ್ಟ ಹಾಗೆ. ಪಾಪ, ಎರಿಕ್ ನೈಟ್ ಆ ಸಿನಿಮಾ ತೆರೆಗೆ ಬರುವುದನ್ನು ನೋಡಲೇ ಇಲ್ಲ. ಅದೇ ವರ್ಷ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ.)

ಈಗ ನಮ್ಮ ಮನೆಯ ವಿಷಯ. 2003ರಲ್ಲಿ ನಾವೊಂದು ಅಲ್ಸೇಷಿಯನ್ ಹೆಣ್ಣುಮರಿ ತಂದೆವು. ಜೂಲಿ ಎಂದು ಹೆಸರಿಟ್ಟೆವು. ಮಾರಿದವರು ಮೂರು ತಲೆಮಾರಿನ ಹೆಸರುಗಳಿದ್ದ ವಂಶಾವಳಿ ಪತ್ರ ಕೊಟ್ಟಿದ್ದರು. ನಮ್ಮ ಮನೆಯವರು ಅದನ್ನು ಮನೆಪತ್ರ, ಎಲ್‌ಐಸಿ ಬಾಂಡುಗಳ ಜೊತೆ ತಿಜೋರಿಯಲ್ಲಿಟ್ಟರು. ಅಲ್ಸೇಷಿಯನ್ ಎಂದು ನಾವು ಕರೆಯುವುದು ಜರ್ಮನಿಯ ಕುರಿನಾಯಿಯನ್ನು. ಮೊದಲ ಮಹಾಯುದ್ಧದ ನಂತರ ಜರ್ಮನ್ ಎಂಬ ಹೆಸರೇ ಬೇಡವೆಂದು ಇಂಗ್ಲಿಷಿನವರು ಇಟ್ಟ ಹೆಸರು ಅದು. 1899ರಲ್ಲಿ ಸ್ಟೆಫನಿಟ್ಸ್ ಎಂಬ ಅಶ್ವದಳದ ಕ್ಯಾಪ್ಟನ್ ಹೋರಾಂಡ್ ಎಂಬ ಒಂದು ನಾಯಿಯನ್ನು ಕೊಂಡು ಅದರಿಂದ ಈ ತಳಿಯನ್ನು ಕಟ್ಟಲು ಹೊರಟ. ನಾಯಿಯ ಬೆಲೆ ಅದರ ಕೆಲಸದಲ್ಲಿದೆ, ರೂಪದಲ್ಲಲ್ಲ ಎಂಬುದು ಅವನ ಹಟ. ಜರ್ಮನಿಯಲ್ಲಿ ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯಿಸುವಾಗ, ಹುಲ್ಲಿಗೂ ಬೆಳೆಗೂ ನಡುವಿನ ಗೆರೆಯ ಮೇಲೆ ಈ ನಾಯಿ ದಿನವಿಡೀ ಆ ತುದಿಯಿಂದ ಈ ತುದಿಗೆ ಓಡಾಡುತ್ತದೆ. ಅದೇ ಜೀವಂತ ಬೇಲಿ. ಅಂಥ ನಾಯಿಯನ್ನು ನಾವು ಆರಡಿ ಸರಪಳಿಯಲ್ಲಿ ಗೇಟಿಗೆ ಕಟ್ಟಿದೆವು. ಜೂಲಿ ಆ ಆರಡಿಯಲ್ಲೇ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು. ಫರಸಿಯ ಮೇಲೆ ಅವಳ ಉಗುರಿನ ಗೆರೆ ಈಗಲೂ ಇದೆ.

ಎರಡು ಸಲ ಮರಿ ಹಾಕಿಸಿದೆವು. ಹಾಕಿಸಿದೆವು ಎಂದೇ ಬರೆಯುತ್ತೇನೆ. ಅವಳನ್ನು ಯಾರು ಕೇಳಿದರು? 2006ರಲ್ಲಿ ಆರು ಮರಿ. ಅರವತ್ಮೂರು ದಿನ ಹೊತ್ತು, ರಾತ್ರಿಯೆಲ್ಲ ನೊಂದು ಹೆತ್ತಳು. ನಲವತ್ತೈದು ದಿನಕ್ಕೆ ಒಂದೊಂದಾಗಿ ಮಾರಿದೆವು. ಆ ದುಡ್ಡು ಮಗಳ ಟ್ಯೂಷನ್ ಫೀಜಿಗೆ ಒದಗಿತು. ಕೊನೆಯ ಮರಿ ಹೋದ ರಾತ್ರಿ ಜೂಲಿ ಅವು ಮಲಗುತ್ತಿದ್ದ ಗೋಣಿಚೀಲವನ್ನು ಬಾಯಲ್ಲಿ ಕಚ್ಚಿಕೊಂಡು ಹಿತ್ತಲು ಸುತ್ತಿದಳು. ನಾನು ಕಿಟಕಿ ಹಾಕಿಕೊಂಡೆ. ಮರುವರ್ಷ ಮತ್ತೆ ಐದು ಮರಿ, ಅವನ್ನೂ ಮಾರಿದೆವು. ಅದಾಗಿ ತಿಂಗಳು ಕಳೆದಿರಬೇಕು. ಮೊದಲ ಸೂಲಿನ ಒಂದು ಮರಿಯನ್ನು ಒಯ್ದಿದ್ದ ನಮ್ಮ ಸಹೋದ್ಯೋಗಿ, "ಅಕ್ಕಾ, ಅದಕ್ಕ ಹಿಂಗಾಲ ಮ್ಯಾಲ ಏಳಾಕ ಆಗವಲ್ದು" ಎಂದು ಬಂದರು. ಎಕ್ಸ್‌ರೇ ತೆಗೆದ ಪಶುವೈದ್ಯರು ಸೊಂಟದ ಕೀಲು ಸರಿಯಾಗಿ ಕೂತಿಲ್ಲ, ಇದು ವಂಶದಲ್ಲಿ ಬರುವಂಥದ್ದು, ತಾಯಿಯದನ್ನೂ ನೋಡೋಣ ಎಂದರು. ಜೂಲಿಯದೂ ಹಾಗೇ ಇತ್ತು. ಕೂಡಿಸುವ ಮೊದಲು ತಂದೆ ತಾಯಿ ಇಬ್ಬರ ಸೊಂಟದ ಎಕ್ಸ್‌ರೇ ತೆಗೆಸಬೇಕಂತೆ. ವಂಶಾವಳಿ ಪತ್ರದಲ್ಲಿ ಅಜ್ಜ ಮುತ್ತಜ್ಜರ ಹೆಸರೆಲ್ಲ ಇತ್ತು, ಸೊಂಟದ ಬಗ್ಗೆ ಒಂದಕ್ಷರವಿರಲಿಲ್ಲ. ನಾವೂ ಕೇಳಿರಲಿಲ್ಲ. ಎರಡನೆಯ ಸೂಲಿನ ಐದು ಮರಿ ಒಯ್ದವರಲ್ಲಿ ಮೂವರ ಮನೆಗೆ ಹೋಗಿ ವಿಷಯ ಹೇಳಿ ಬಂದೆ. ಇನ್ನಿಬ್ಬರಿಗೆ ಹೇಳಲಿಲ್ಲ. ದುಡ್ಡು ವಾಪಸು ಕೇಳಿದರೆ ಕೊಡಲು ಇರಲಿಲ್ಲ.

ಲ್ಯಾಸಿಯ ಕಥೆ ಮುಗಿಯುವುದು ಹೇಗೆ ಗೊತ್ತೇ? ಕಾಲು ಕುಂಟುತ್ತ ನಾಯಿ ಶಾಲೆಯ ಗೇಟಿಗೆ ಬಂದು ಬೀಳುತ್ತದೆ. ಡ್ಯೂಕ್ ಅವಳನ್ನು ಗುರುತಿಸಿಯೂ ಇದು ನನ್ನ ನಾಯಿಯಲ್ಲ ಎನ್ನುತ್ತಾನೆ. ಅಪ್ಪನಿಗೆ ತನ್ನ ನಾಯಿಗಳನ್ನು ನೋಡಿಕೊಳ್ಳುವ ಕೆಲಸ ಕೊಡುತ್ತಾನೆ. ಆಮೇಲೆ ಲ್ಯಾಸಿ ಮರಿ ಹಾಕುತ್ತಾಳೆ, ಎಲ್ಲರಿಗೂ ಸಂತೋಷ. ಇಲ್ಲಿಯವರೆಗೆ ಒಂದು ನಾಯಿಯನ್ನು ಮಾರಿದರೆ ಏನೇನು ಆಗುತ್ತದೆ ಎಂದು ಇನ್ನೂರು ಪುಟ ಅಳಿಸಿದ ಲೇಖಕ, ಈ ಮರಿಗಳೂ ಮುಂದೆ ಮಾರಾಟದ ನಾಯಿಗಳೇ ಅಲ್ಲವೇ ಎಂದು ಯೋಚಿಸುವುದಿಲ್ಲ. ಪುಸ್ತಕ ನನಗೆ ಸೋತದ್ದು ಅಲ್ಲಿ.

ಇದರ ಜೊತೆಗಿಟ್ಟು ಓದಬೇಕಾದ ಇನ್ನೊಂದು ಪುಸ್ತಕ ಡಿಕ್ ಕಿಂಗ್-ಸ್ಮಿತ್ತನ 'ದಿ ಶೀಪ್-ಪಿಗ್', 1983ರದ್ದು. ಇದರಿಂದಲೇ 1995ರಲ್ಲಿ 'ಬೇಬ್' ಎಂಬ ಸಿನಿಮಾ ಬಂತು. ಲೇಖಕ ವರ್ಷಗಟ್ಟಲೆ ಒಕ್ಕಲುತನ ಮಾಡಿ, ಐವತ್ತು ದಾಟಿದ ಮೇಲೆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾದವನು. ನಮ್ಮವನೇ ಅನ್ನಿ. ಅವನ ಫ್ಲೈ ಎಂಬ ಕುರಿನಾಯಿ ತನ್ನ ಮರಿಗಳಿಗೆ ಬಾತುಕೋಳಿಗಳನ್ನು ಅಟ್ಟಿಸಿ ಪಾಠ ಕಲಿಸುತ್ತಾಳೆ. ಪಾಠ ಮುಗಿಯುತ್ತಿದ್ದಂತೆ ಮರಿಗಳು ಒಂದೊಂದಾಗಿ ಮಾರಾಟವಾಗುತ್ತವೆ. ಖಾಲಿಯಾದ ಆ ಮಡಿಲಿಗೆ ಒಂದು ಹಂದಿಮರಿ ಬರುತ್ತದೆ, ಮಗನಾಗುತ್ತದೆ, ಕೊನೆಗೆ ಕುರಿ ಅಟ್ಟುವ ಪಂದ್ಯವನ್ನೇ ಗೆಲ್ಲುತ್ತದೆ. ಮಕ್ಕಳ ಪುಸ್ತಕವೆಂದು ಇದನ್ನು ಬದಿಗಿಡುವವರು ಇದ್ದಾರೆ. ನೈಟ್ ಮುಚ್ಚಿಟ್ಟ ಮಾತನ್ನು ಈತ ಮೊದಲ ಪುಟಗಳಲ್ಲೇ ಹೇಳಿಬಿಟ್ಟಿದ್ದಾನೆ, ಅದೂ ನಗುನಗುತ್ತ. ರೈತನ ಹೆಂಡತಿಯನ್ನು ಮಾತ್ರ ಬರೀ ವಟವಟ ಎನ್ನುವ ಹೆಂಗಸಾಗಿ ಮಾಡಿ ನಗಿಸುತ್ತಾನೆ. ಗಂಡ ತುಟಿ ಬಿಚ್ಚದವನಾದರೆ ಅವಳು ಯಾರ ಜೊತೆ ಮಾತಾಡಬೇಕು?

ಇಲ್ಲಿ ಒಂದು ಆಕ್ಷೇಪಣೆ ಬೇರೆ ಥರದ್ದು. ಹಂದಿ ಕುರಿಗಳನ್ನು ವಿನಯದಿಂದ ಕೇಳಿಕೊಳ್ಳುತ್ತದೆ, ಅವು ನಡೆಯುತ್ತವೆ. ನಾಯಿಗಳು ಹೆದರಿಸುತ್ತವೆ, ಅದು ಒರಟುತನ. ಕೇಳಲು ಇಂಪಾಗಿದೆ. ಆದರೆ ಬಾರ್ಡರ್ ಕಾಲಿಯ ಕೆಲಸ ಹಾಗಿಲ್ಲ. ಅದು ತೋಳದ ಬೇಟೆಯನ್ನೇ ಅರ್ಧಕ್ಕೆ ನಿಲ್ಲಿಸಿದ ವಿದ್ಯೆ. ದಿಟ್ಟಿಸುವುದು, ಮೈ ಕುಗ್ಗಿಸಿ ಹೊಂಚುವುದು, ಸುತ್ತುಹಾಕುವುದು ಎಲ್ಲ ಉಂಟು. ಕಚ್ಚುವುದು, ಕೊಲ್ಲುವುದು ಇಲ್ಲ. ಕುರಿಗಳಿಗೆ ಹತ್ತಿರ ಬಂದರೆ ಅವು ಚೆದರುತ್ತವೆ, ದೂರ ನಿಂತರೆ ಕದಲುವುದಿಲ್ಲ. ಆ ಅಂತರ ಗೊತ್ತಿರುವುದೇ ಕಲೆ. ಮನುಷ್ಯನ ಎದುರು ಬದಿಗೆ ಹೋಗಿ ಹಿಂಡನ್ನು ಅವನತ್ತ ತರುವುದು ನಾಯಿಗೆ ಹುಟ್ಟಿನಿಂದ ಬಂದದ್ದು. ಎಡಕ್ಕೆ, ಬಲಕ್ಕೆ, ಮಲಗು, ಸಾಕು ಎಂಬ ಮಾತು, ಸಿಳ್ಳುಗಳನ್ನು ಕಲಿಸಬೇಕು. ತರಗತಿಯಲ್ಲಿ ನಿಂತವರಿಗೆ ಇದು ಹೊಸದಲ್ಲ. ಹಿಂದಿನ ಬೆಂಚಿನ ಹುಡುಗರ ಹತ್ತಿರ ಎಷ್ಟು ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಬಿಎಡ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ.

ಬ್ರಿಟನ್ನಿನ ಕುರಿಗಾಹಿಗಳು 1906ರಲ್ಲಿ ಕಟ್ಟಿಕೊಂಡ ಸಂಘ ಇಂದಿಗೂ, ಕಾಗದವಿಲ್ಲದ ನಾಯಿಯಾದರೂ ಕೆಲಸದಲ್ಲಿ ಗೆದ್ದು ತೋರಿಸಿದರೆ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. 'ಬೇಬ್' ಬಂದ 1995ರಲ್ಲೇ ಅಮೆರಿಕದ ಕೆನಲ್ ಕ್ಲಬ್ ಬಾರ್ಡರ್ ಕಾಲಿಯನ್ನು ತನ್ನ ತಳಿಗಳ ಪಟ್ಟಿಗೆ ಸೇರಿಸಿಕೊಂಡಿತು. ಕುರಿ ಸಾಕುವವರು ಬೇಡವೆಂದು ಜಗಳ ಮಾಡಿದರು, ರೂಪಕ್ಕೆ ಬಹುಮಾನ ಶುರುವಾದರೆ ಇದಕ್ಕೂ ಲ್ಯಾಸಿಯ ಗತಿ ಬರುತ್ತದೆ ಎಂದು. ಅವರ ಮಾತು ನಡೆಯಲಿಲ್ಲ.

ಶನಿವಾರಗಳಲ್ಲಿ ಲ್ಯಾಸಿಯ ಕಥೆ ಹೇಳಿದೆ. ನಮ್ಮದು ಹಾವೇರಿಯ ಕಡೆ, ಕುರಿ ಸಾಕುವ ಮನೆಯ ಮಕ್ಕಳು ತರಗತಿಗೆ ನಾಲ್ಕೈದು ಇದ್ದೇ ಇರುತ್ತಾರೆ. ಕಾಲಿ ಎಂದರೆ ಕುರಿ ಅಟ್ಟುವ ನಾಯಿ ಎಂದಾಗ ಒಬ್ಬ ಹುಡುಗಿ ಎದ್ದು ನಿಂತಳು. "ನಮ್ಮ ನಾಯಿ ಕುರಿ ಹೊಡಿಯಂಗಿಲ್ರಿ ಅಕ್ಕೋರ, ಕಾಯ್ತೈತ್ರಿ. ಕುರಿ ನಮ್ಮಪ್ಪನ ಹಿಂದ ತಾವs ಬರ್ತಾವ್ರಿ." ಸರಿಯಾದ ಮಾತು. ನಮ್ಮ ಕುರುಬ ಮುಂದೆ ನಡೆದು ಕೂಗುತ್ತಾನೆ, ಹಿಂಡು ಹಿಂಬಾಲಿಸುತ್ತದೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ತೋಳ ಬಾರದ ಹಾಗೆ ನೋಡಿಕೊಳ್ಳುವುದು ನಾಯಿಯ ಕೆಲಸ. ಆ ನಾಯಿಗೆ ಯಾರೂ ಪತ್ರ ಬರೆದುಕೊಟ್ಟಿಲ್ಲ. ಅದರ ಸೊಂಟ ಗಟ್ಟಿಯಿಲ್ಲದಿದ್ದರೆ ಮಂದೆಯ ಜೊತೆ ನಡೆಯಲು ಸಾಧ್ಯವೇ ಇರಲಿಲ್ಲ.

ಕೊನೆಯ ಅಧ್ಯಾಯವನ್ನು ಬಿಟ್ಟುಬಿಡೋಣವೆಂದಿದ್ದೆ. ಗೇಟಿನ ಹತ್ತಿರ ಲ್ಯಾಸಿ ಬಂದು ಬಿದ್ದಲ್ಲಿಗೆ ನಿಲ್ಲಿಸಿದರೆ ಕಥೆಗೂ ಒಳ್ಳೆಯದು, ನನಗೂ ಒಳ್ಳೆಯದು. ಮಕ್ಕಳು ಬಿಡಲಿಲ್ಲ, ಆಮೇಲೇನಾಯಿತು ಹೇಳಿ ಎಂದು ಕೂತರು. ಹೇಳಿದೆ. ಅಪ್ಪನಿಗೆ ಕೆಲಸ ಸಿಕ್ಕಿತು, ಲ್ಯಾಸಿ ಮರಿ ಹಾಕಿದಳು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಮಾತ್ರ ತಟ್ಟದೆ, "ಮರಿ ಯಾರಿಗೆ ಕೊಟ್ರ್ರಿ ಅಕ್ಕೋರ?" ಎಂದಳು.

ಪುಸ್ತಕದಲ್ಲಿ ಬರೆದಿಲ್ಲ ಎಂದೆ. 2013ರಲ್ಲಿ ಜೂಲಿ ಸತ್ತಾಗ ನಮ್ಮ ಮನೆಯವರು ಆ ವಂಶಾವಳಿ ಪತ್ರವನ್ನು ಹರಿದು ಹಾಕಿದರು. ಮರಿ ಒಯ್ದವರ ಹೆಸರು, ವಿಳಾಸ ಬರೆದಿಟ್ಟ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ. ಆ ಇಬ್ಬರದೂ ಅದರಲ್ಲಿದೆ.