ನಗಿಸಿದವಳೂ ಸಾಕವ್ವನೇ

ಉಮಾಶ್ರೀಯವರನ್ನ ಹೊಗಳೋಕೆ ಶುರು ಮಾಡಿದವರೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ತಾರೆ: ‘ಪಾಪ, ಅಂಥಾ ಕಲಾವಿದೇನ ಸಿನಿಮಾದೋರು ಬರೀ ಕಾಮಿಡಿಗೆ ಹಾಕ್ಕೊಂಡು ಹಾಳು ಮಾಡಿದ್ರು.’ ಈ ಮಾತಲ್ಲಿ ಅರ್ಧ ನಿಜ ಇದೆ. ಇನ್ನರ್ಧದ ಮೇಲೆ ನನ್ನ ತಕರಾರಿದೆ.

ನಿಜ ಇರೋ ಅರ್ಧ ಮೊದಲು. 1984ರಲ್ಲಿ ಕಾಶೀನಾಥರ ‘ಅನುಭವ’ ಬಂತು. ಆಮೇಲೆ ಎಷ್ಟೋ ವರ್ಷ ಆಕೆಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಅಚ್ಚಿನ ಪಾತ್ರಗಳು: ಮನೆಗೆಲಸದವಳು, ಗಂಡಸಿನ ಹಿಂದೆ ಬೀಳೋ ಹೆಂಗಸು, ಎರಡರ್ಥದ ಡೈಲಾಗಿಗೆ ಗುರಿಯಾಗೋಳು. ಆ ಜೋಕುಗಳಲ್ಲಿ ಸುಮಾರನ್ನ ಇವತ್ತು ಮನೆಯವರ ಜೊತೆ ಕೂತು ನೋಡೋಕಾಗಲ್ಲ. ಜೊತೆಗೆ ನಮ್ಮಂಥೋರಿಗೆ ಇನ್ನೊಂದು ಪೆಟ್ಟು. ನಾನು ನಂಜನಗೂಡು ಕಡೆ ಹಳ್ಳಿಯವನು. ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾತಿನ ಕೊನೇಲಿ ‘ಕನ’ ಅಂದ್ರೆ ಸಾಕು, ‘ಲೋ, ಉಮಾಶ್ರೀ ಥರ ಮಾತಾಡ್ತೀಯಲ್ಲೋ’ ಅಂತ ಟೀಮಿನೋರು ನಗೋರು. ನಮ್ಮವ್ವ ದಿನಾ ಆಡೋ ಭಾಷೆ ಊರಿಗೆಲ್ಲ ಕಾಮಿಡಿ ಟ್ರ್ಯಾಕ್ ಆಗಿತ್ತು.

ಆದ್ರೆ ಅದೇ ಭಾಷೆಯಲ್ಲೇ ಅಲ್ವಾ ಆಕೆ ಸಾಕವ್ವ ಆಗಿದ್ದು? ದೇವನೂರ ಮಹಾದೇವರ ‘ಒಡಲಾಳ’ವನ್ನ ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಇನ್ನೂ ಚಿಕ್ಕ ವಯಸ್ಸಿನ ಉಮಾಶ್ರೀ ಆ ಮುದುಕಿಯಾದ್ರು. ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಅಲೆಯೋ ಅಜ್ಜಿ. ಕದ್ದು ತಂದ ಮೂಟೆ ಕಡ್ಲೆಕಾಯಿನ ಬೆಳಗಾಗೋದ್ರೊಳಗೆ ತಿಂದು ಮುಗಿಸೋ ಸಂಸಾರ. ಇದು ಹಸಿವಿನ ಕಥೆ, ಸರಿ. ಆದ್ರೆ ನಗದೇ ಅದನ್ನ ಓದಿ ಮುಗಿಸಿದವರು ಇದ್ರೆ ನಂಗೆ ತೋರಿಸಿ. ಸಾಕವ್ವನ ಬೈಗುಳ, ಆ ಬಡತನದಲ್ಲೂ ಇರೋ ಠೀವಿ, ಎಲ್ಲ ನಗು ಬರಿಸುತ್ತೆ. ಅವಳನ್ನ ಬರೀ ಅಳಿಸಿಬಿಟ್ರೆ ಪಾತ್ರ ಅಲ್ಲೇ ಸತ್ತೋಗುತ್ತೆ. ನಾನು ನೋಡಿರೋದು ಮೊಬೈಲಲ್ಲಿ ಸಿಕ್ಕ ತುಣುಕುಗಳನ್ನಷ್ಟೇ. ಅಷ್ಟರಲ್ಲೇ ಗೊತ್ತಾಗುತ್ತೆ: ಎಲ್ಲಿ ಮಾತು ನುಂಗಬೇಕು, ಎಲ್ಲಿ ಎಸೀಬೇಕು ಅನ್ನೋ ಲೆಕ್ಕ ಕಾಮಿಡಿ ಸೀನಿನದ್ದೂ ಅದೇ, ಸಾಕವ್ವನದ್ದೂ ಅದೇ.

‘ಪುಟ್ನಂಜ’ ನೆನಪು ಮಾಡ್ಕೊಳ್ಳಿ. 1995ರ ಸಿನಿಮಾ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ, ಉಮಾಶ್ರೀ 1957ರಲ್ಲಿ. ನಾಲ್ಕು ವರ್ಷ ದೊಡ್ಡವರು, ಅವರಿಗೇ ಅಜ್ಜಿ! ಲೆಕ್ಕ ಹಾಕಿದ್ರೆ ನಗು ಬರುತ್ತೆ, ಆದ್ರೆ ನೋಡೋವಾಗ ಒಂದು ಕ್ಷಣವೂ ಈ ಲೆಕ್ಕ ತಲೆಗೆ ಬರಲ್ಲ. ಆ ಪುಟ್ಮಲ್ಲಿ ನಗಿಸ್ತಾ ನಗಿಸ್ತಾನೇ ಗಂಟಲು ಕಟ್ಟಿಸ್ತಾಳೆ. ಅದು ‘ಹಾಳಾದ’ ಕಲಾವಿದೆಯ ಕೆಲಸ ಅನ್ನೋದು ಹೇಗೆ?

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ 55ನೇ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಶ್ರೇಷ್ಠ ನಟಿ ಅಂತ ಬಂದಾಗ, ‘ಕೊನೆಗೂ ಸೀರಿಯಸ್ ಪಾತ್ರ ಸಿಕ್ತು’ ಅಂದ್ರು ಜನ. ವೈದೇಹಿಯವರ ಕಥೆಯಿಂದ ಹುಟ್ಟಿದ ಸಿನಿಮಾ ಅದು. ಗುಲಾಬಿ ಕರಾವಳಿಯ ಸೂಲಗಿತ್ತಿ, ಸಿನಿಮಾ ಹುಚ್ಚಿ. ಟಾಕೀಸಿನ ಕತ್ತಲಲ್ಲಿ ಪರದೆ ನೋಡೋವಾಗಿನ ಆ ಮುಖ ನೋಡಿ, ಮಗು ಥರ ಅರಳಿರುತ್ತೆ. ಮೊದಲರ್ಧದಲ್ಲಿ ಅವಳ ಹುಚ್ಚು ನೋಡಿ ನಾವು ಮೆಲ್ಲಗೆ ನಗ್ತಾ ಇರ್ತೀವಿ. ಅದಕ್ಕೇ ಕಾರ್ಗಿಲ್ ಯುದ್ಧದ ಹೊತ್ತಿಗೆ ಊರು ಮುಖ ತಿರುಗಿಸಿ, ಅವಳನ್ನ ಹೊರಗೆ ಹಾಕಿದಾಗ ಅಷ್ಟು ಚುರುಕ್ ಅನ್ನೋದು. ಮೊದಲಿಂದಲೂ ಸಪ್ಪೆ ಮುಖ ಹಾಕ್ಕೊಂಡಿದ್ರೆ ಅದು ಬರೀ ಸುದ್ದಿಯಾಗಿರೋದು. ಅಂದ್ರೆ ಇಪ್ಪತ್ತು ವರ್ಷ ನಗಿಸಿ ಕಲಿತದ್ದೇ ಅಲ್ಲಿ ಕೆಲಸಕ್ಕೆ ಬಂತು. ಜೋಕು ಬರೆದೋರು ಕೊಳಕಾಗಿ ಬರೆದ್ರು, ಅದರ ಲೆಕ್ಕ ಅವರ ಖಾತೆಗೆ ಹೋಗ್ಲಿ.

(ರಾಜಕೀಯ, 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾಗಿದ್ದು, ಅದೆಲ್ಲ ಬೇರೆಯದೇ ಕಥೆ. ಅದಿರ್ಲಿ.)

ಈಚೆಗೆ ಉಲ್ಟಾ ತಪ್ಪು ನಡೀತು ಅನ್ಸುತ್ತೆ. 2021ರ ಕೊನೇಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಶುರುವಾದ ಮೇಲೆ ನಮ್ಮ ಲಕ್ಷ್ಮೀಪುರಂ ಬೀದೀಲಿ ಸಂಜೆ ಹೊತ್ತು ಕಿಟಕಿ ಕಿಟಕೀಲೂ ಅವರದ್ದೇ ದನಿ ಕೇಳ್ತಿತ್ತು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕೋ ಪುಟ್ಟಕ್ಕನಿಗೆ ಹಳ್ಳಿ ಭಾಷೆ ಇದೆ, ಮರ್ಯಾದೆಯೂ ಇದೆ. ಆ ಭಾಷೆಗೆ ಈಗ ಯಾರೂ ಕಿಸಕ್ಕಂತ ನಗಲ್ಲ, ಅದು ನಂಗೆ ಸಣ್ಣ ವಿಷಯವಲ್ಲ. ಆದ್ರೆ ಕಥೆ ಬರೆದೋರು ಅವಳ ಕಣ್ಣೀರನ್ನೇ ಹೆಚ್ಚು ನಂಬಿದ್ರು, ಕಂತು ಕಂತಿಗೂ ಸಂಕಟ. ಮೆಸ್ಸಲ್ಲಿ ಊಟ ಬಡಿಸೋ ಹೆಂಗಸಿನ ಬಾಯಲ್ಲಿ ಎಷ್ಟು ಚೇಷ್ಟೆ ಇರುತ್ತೆ ಅಂತ ಮೆಸ್ಸಲ್ಲಿ ಉಂಡು ಓದಿದ ನಂಗೆ ಗೊತ್ತು. ಅಂಥ ನಾಲ್ಕು ಮಾತನ್ನ ಅವರ ಕೈಗೆ ಕೊಡ್ರಪ್ಪ.