ಗುಂಡಿನ ಆಯ್ಕೆ: ಅಯಸ್ಕಾಂತದ ಪರೀಕ್ಷೆ ಸಾಕೆ?

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಪಿಸ್ತೂಲಿನಿಂದ ಗುರಿ ಹೊಡೆಯುವ ಹವ್ಯಾಸ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಆಯ್ದು ತಂದು, ಅವಕ್ಕೆ ಹೊಸ ಕೇಪು, ಮದ್ದು, ಗುಂಡು ಕೂಡಿಸಿ ಮತ್ತೆ ಬಳಸುತ್ತಾನೆ. ಅಲ್ಲಿ ಇದು ಅನೇಕರು ಮನೆಯಲ್ಲೇ ಮಾಡುವ ಕೆಲಸ. (ನಮ್ಮಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ.) ಕಳೆದ ವರ್ಷ ಊರಿಗೆ ಬಂದಾಗ ಅವನು ಒಂದು ಪ್ರಶ್ನೆ ತಂದಿದ್ದ. ಅವನು ಹೋಗುವ ಒಳಾಂಗಣ ಶೂಟಿಂಗ್ ರೇಂಜಿನಲ್ಲಿ ಎರಡು ನಿಯಮಗಳಿವೆ. ಅಯಸ್ಕಾಂತಕ್ಕೆ ಅಂಟುವ ಗುಂಡು ಕೂಡದು. ಹೊದಿಕೆಯಿಲ್ಲದ ಬರಿ ಸೀಸದ ಗುಂಡೂ ಕೂಡದು. "ಸರ್, ಎರಡಕ್ಕೂ ಒಪ್ಪುವ ಗುಂಡು ಕೊಂಡರೆ ಸಾಕು ತಾನೆ?" ಎಂದು ಕೇಳಿದ.

ಇಂಥ ನಿಯಮಗಳು ಆ ದೇಶದ ಹಲವು ರೇಂಜುಗಳಲ್ಲಿವೆ. ಇವುಗಳ ಉದ್ದೇಶ ಒಳ್ಳೆಯದೇ. ಆದರೆ ನಿಯಮ ಅಳೆಯುವುದು ಒಂದನ್ನು, ತಡೆಯಬೇಕೆಂದಿರುವುದು ಇನ್ನೊಂದನ್ನು.

ಮೊದಲು ಅಯಸ್ಕಾಂತವನ್ನು ನೋಡೋಣ. ಅದು ಹೇಳುವುದು ಒಂದೇ ಮಾತು: ಇಲ್ಲಿ ಕಬ್ಬಿಣವಿದೆ. ಆ ಕಬ್ಬಿಣ ಹೊರಗಿನ ಹೊದಿಕೆಯಲ್ಲಿದೆಯೋ ಒಳಗಿನ ತಿರುಳಿನಲ್ಲಿದೆಯೋ, ಎಷ್ಟು ಗಡಸು ಎಂಬುದನ್ನು ಹೇಳದು. ಅಗ್ಗದ ಕೆಲವು ಗುಂಡುಗಳಲ್ಲಿ ತಿರುಳು ಸೀಸದ್ದು, ಹೊದಿಕೆ ತೆಳುವಾದ ಮೃದು ಉಕ್ಕಿನದು, ಅದರ ಮೇಲೆ ತಾಮ್ರದ ಲೇಪ. ಉಕ್ಕಿನ ತಿರುಳಿರುವ ಗುಂಡು ಬೇರೆಯೇ ವಸ್ತು. ಅಯಸ್ಕಾಂತಕ್ಕೆ ಎರಡೂ ಒಂದೇ. ಉಕ್ಕಿನ ಗುಂಡು ಉಕ್ಕಿನ ತಡೆಗೋಡೆಗೆ ಬಡಿದರೆ ಕಿಡಿ ಹಾರಬಹುದು. ಪೂರ್ತಿ ಉರಿಯದ ಮದ್ದಿನ ಪುಡಿ ಬಿದ್ದಿರುವ ಕಡೆ ಅದು ಬೆಂಕಿಗೆ ಕಾರಣವಾದೀತು. ಆದ್ದರಿಂದ ನಿಯಮ ನಿರರ್ಥಕವಲ್ಲ. ಆದರೆ ಅಂಟದ ಗುಂಡೆಲ್ಲ ಮೆದು ಎಂದು ತಿಳಿದರೆ ತಪ್ಪಾಗುತ್ತದೆ. ಇಡಿಯಾಗಿ ತಾಮ್ರದಲ್ಲೇ ಮಾಡಿದ ಗುಂಡು ಅಯಸ್ಕಾಂತಕ್ಕೆ ಅಂಟದು. ಹಾಗಿದ್ದೂ ಅದು ಸೀಸಕ್ಕಿಂತ ಬಹಳ ಗಡಸು. ಸೀಸ ಉಕ್ಕಿನ ಫಲಕಕ್ಕೆ ಬಡಿದು ಚಪ್ಪಟೆಯಾಗಿ ಚೂರಾದರೆ, ತಾಮ್ರ ಬಹುಪಾಲು ಒಂದೇ ತುಂಡಾಗಿ ಉಳಿಯುತ್ತದೆ. ತಾಮ್ರ ಮತ್ತು ತವರದ ಪುಡಿಯನ್ನು ಒತ್ತಿ ಮಾಡಿದ, ಬಡಿದೊಡನೆ ಪುಡಿಯಾಗುವ ಗುಂಡುಗಳೂ ಅಂಟುವುದಿಲ್ಲ. ಗುಣದಲ್ಲಿ ಇವೆರಡಕ್ಕೂ ಅಜಗಜಾಂತರ. ಅಮೆರಿಕದ ಶಾಸನಕ್ಕೂ ಇದು ಗೊತ್ತಿದೆ. ಕವಚ ಭೇದಿಸುವ ಕೈಬಂದೂಕಿನ ಗುಂಡುಗಳ ಬಗೆಗಿನ 1986ರ ಕಾನೂನು ಉಕ್ಕು, ಕಬ್ಬಿಣಗಳ ಜೊತೆಗೆ ಟಂಗ್‌ಸ್ಟನ್ ಮಿಶ್ರಲೋಹ, ಹಿತ್ತಾಳೆ, ಕಂಚುಗಳನ್ನೂ ಹೆಸರಿಸುತ್ತದೆ. ಸಾಮಾನ್ಯ ಹಿತ್ತಾಳೆ, ಕಂಚುಗಳ ಮುಂದೆ ಅಯಸ್ಕಾಂತ ಸುಮ್ಮನೆ ಕೂರುತ್ತದೆ.

ತಾಮ್ರದ ಗುಂಡನ್ನು ಆರಿಸುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಒಂಬತ್ತು ಮಿಲಿಮೀಟರ್ ಪಿಸ್ತೂಲಿನಲ್ಲಿ ಸಾಮಾನ್ಯವಾದ 124 ಗ್ರೇನ್, ಅಂದರೆ ಸುಮಾರು 8 ಗ್ರಾಂ ತೂಕಕ್ಕೆ ಸೀಸದ ಗಾತ್ರ 0.71 ಘನ ಸೆಂಟಿಮೀಟರ್, ತಾಮ್ರದ್ದು 0.89. ವ್ಯಾಸ ಬದಲಾಗದ್ದರಿಂದ ಗುಂಡು ಉದ್ದವಾಗಲೇಬೇಕು. ತೋಟಾದ ಒಟ್ಟು ಉದ್ದಕ್ಕೆ ಮಿತಿಯಿದೆ, ಹಾಗಾಗಿ ಹೆಚ್ಚುವರಿ ಉದ್ದ ಒಳಕ್ಕೆ ಇಳಿದು ಮದ್ದಿನ ಜಾಗವನ್ನು ನುಂಗುತ್ತದೆ. ಜಾಗ ಕಡಿಮೆಯಾದರೆ ಒತ್ತಡ ಏರುತ್ತದೆ. ತೂಕ ಒಂದೇ ಎಂದುಕೊಂಡು ಸೀಸದ ಗುಂಡಿಗೆ ಹೇಳಿದ ಮದ್ದಿನ ಅಳತೆಯನ್ನೇ ಇಲ್ಲಿ ಬಳಸಿದರೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಆ ಗುಂಡಿಗೆಂದೇ ಪ್ರಕಟವಾದ ಕೋಷ್ಟಕವನ್ನು ನೋಡಬೇಕು.

ಎರಡನೆಯ ನಿಯಮ ಸೀಸದ್ದು. ಇಲ್ಲೊಂದು ಸ್ವಾರಸ್ಯವಿದೆ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಗುಂಡು ಸೀಸದ್ದೋ ಅಷ್ಟೇ ಮೆದುವಾದ ವಸ್ತುವಿನದೋ ಆಗಿರಬೇಕು, ಹೊದಿಕೆ ಇರಕೂಡದು! ಅಲ್ಲಿ ಕಡ್ಡಾಯವಾದದ್ದು ಇಲ್ಲಿ ನಿಷಿದ್ಧ.

ಒಳಾಂಗಣದಲ್ಲಿ ಸೀಸದ ಧೂಳು ನಿಜವಾದ ಅಪಾಯ. ಆದರೆ ಹೊದಿಕೆ ಎಂದರೇನು? ಸಾಮಾನ್ಯ ಪೂರ್ಣಹೊದಿಕೆಯ ಗುಂಡಿನಲ್ಲಿ ತಾಮ್ರ ಮೂತಿಯನ್ನೂ ಬದಿಗಳನ್ನೂ ಮುಚ್ಚುತ್ತದೆ. ಬುಡ ತೆರೆದೇ ಇರುತ್ತದೆ. ಉರಿಯುವ ಮದ್ದಿನ ಬಿಸಿ ಅನಿಲ ತಾಗುವುದು ಆ ಬುಡಕ್ಕೇ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಾಗಿಲಲ್ಲಿ ಮೂತಿಯನ್ನಷ್ಟೇ ನೋಡುವ ಕಾವಲುಗಾರನಿಗೆ ಇದು ಕಾಣದು. ವಿದ್ಯುಲ್ಲೇಪನದಿಂದ ಬುಡವನ್ನೂ ತಾಮ್ರದಲ್ಲಿ ಮುಚ್ಚಿದ ಗುಂಡುಗಳು ಸಿಗುತ್ತವೆ. ನನ್ನ ಶಿಷ್ಯನಿಗೆ ನಾನು ಸೂಚಿಸಿದ್ದು ಇವನ್ನೇ.

ಹಾಗೆಂದು ಸೀಸ ಹೋಯಿತೆ? ಇಲ್ಲ. ಸಾಮಾನ್ಯ ಕೇಪಿನಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಸಂಯುಕ್ತವೇ ಇದೆ. ಗುರಿಯ ಹಿಂದಿನ ಗೋಡೆಯಲ್ಲಿ ಸಿಡಿಯುವ ಸೀಸ ಹಲವಾರು ಮೀಟರ್ ದೂರದ್ದು. ಕೇಪಿನ ಸೀಸ ಹಾರಿಸುವವನ ಮೂಗಿನಿಂದ ಒಂದು ತೋಳಿನಳತೆಯಲ್ಲಿ ಹೊಗೆಯಾಗುತ್ತದೆ. ಗುಂಡನ್ನಷ್ಟೇ ನೋಡುವ ನಿಯಮ ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ಹಿಡಿಯುತ್ತದೆ. ಇಲ್ಲಿ ಮುಖ್ಯವಾದದ್ದು ಗಾಳಿ. ಹಾರಿಸುವವರು ನಿಲ್ಲುವ ಸಾಲಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 0.38 ಮೀಟರ್ ವೇಗದಲ್ಲಿ ಗುರಿಯ ಕಡೆಗೆ ಸಮವಾಗಿ ಹರಿಯಬೇಕೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಶಿಫಾರಸು ಮಾಡಿದೆ. ಅಗರಬತ್ತಿಯ ಹೊಗೆಯಿಂದಲೇ ದಿಕ್ಕು ತಿಳಿಯಬಹುದಿತ್ತು. ಮದ್ದಿರುವ ಜಾಗದಲ್ಲಿ ಅದನ್ನು ಹಚ್ಚುವಂತಿಲ್ಲ, ಅಷ್ಟೆ.

ಮಿತಿಗಳ ಕಥೆಯೂ ವಿಚಿತ್ರವೇ. ಕೆಲಸಗಾರ ಉಸಿರಾಡುವ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಸೀಸ ಎಂದು 1978ರಲ್ಲಿ ವಿಧಿಸಿದ ಕೇಂದ್ರದ ಮಿತಿ ಇನ್ನೂ ಉಳಿದಿದೆ. ಕ್ಯಾಲಿಫೋರ್ನಿಯಾ ಮಾತ್ರ 2025ರ ಜನವರಿಯಿಂದ ಅದನ್ನು 10ಕ್ಕೆ ಇಳಿಸಿತು. ಮಕ್ಕಳ ವಿಷಯದಲ್ಲಿ, ರಕ್ತದ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮುಟ್ಟಿದರೇ ಗಮನ ಹರಿಸಬೇಕು ಎಂಬುದು 2021ರಿಂದ ಅಲ್ಲಿನ ಮಾನದಂಡ.

ಮಕ್ಕಳ ಮಾತು ಬಂದಾಗ ನಾನು ಅವನಿಗೆ ಕೇಳಿದೆ: ಖಾಲಿ ತೋಟಾಗಳನ್ನು ಎಲ್ಲಿ ಶುಚಿ ಮಾಡುತ್ತೀಯ? ಮನೆಗೆ ಅಂಟಿದ ಗ್ಯಾರೇಜಿನಲ್ಲಿ, ಜೋಳದ ದಿಂಡಿನ ಪುಡಿ ಹಾಕಿದ ಯಂತ್ರದಲ್ಲಿ, ಎಂದ. ಕೇಪಿನ ಮಸಿಯೆಲ್ಲ ಆ ಪುಡಿಗೆ ಸೇರಿ, ಸುರಿಯುವಾಗ ಧೂಳಾಗಿ ಏಳುತ್ತದೆ. ಅವನ ಮಗಳಿಗೆ ಎರಡು ವರ್ಷ. ಟ್ರೈಸಿಕಲ್ ನಿಲ್ಲುವುದು ಅದೇ ಗ್ಯಾರೇಜಿನಲ್ಲಿ. ರೇಂಜಿನ ಯಾವ ನಿಯಮವೂ ಅಲ್ಲಿಯವರೆಗೆ ಬರುವುದಿಲ್ಲ.

ಹಿಂತಿರುಗಿದ ಮೇಲೆ ಅವನು ಒಣ ಶುಚಿ ಬಿಟ್ಟು ನೀರಿನಲ್ಲಿ ತೊಳೆಯುವ ವಿಧಾನಕ್ಕೆ ಬಂದಿದ್ದಾನೆ, ಮಗುವಿನ ಸಾಮಾನುಗಳನ್ನು ಅಲ್ಲಿಂದ ತೆಗೆದಿದ್ದಾನೆ, ಮನೆಯವರೆಲ್ಲರ ರಕ್ತಪರೀಕ್ಷೆಗೂ ಹೇಳಿದ್ದಾನೆ. ಗಾಳಿಯ ವೇಗವನ್ನು ಕೊನೆಯ ಬಾರಿ ಅಳೆದದ್ದು ಯಾವಾಗ ಎಂದು ರೇಂಜಿನವರನ್ನು ಕೇಳಿದನಂತೆ. ತಾವು ಪ್ರತಿಯೊಬ್ಬರ ಗುಂಡನ್ನೂ ತಪ್ಪದೆ ಅಯಸ್ಕಾಂತಕ್ಕೆ ಹಿಡಿದು ನೋಡುತ್ತೇವೆ ಎಂದು ಅವರು ಉತ್ತರಿಸಿದರಂತೆ.