ವಾಜೀಕರಣ: ಒಂದು ಕರಪತ್ರದ ಪರಾಮರ್ಶೆ

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಮೇಲೆ ಕೊಠಡಿಯಲ್ಲಿ ಹಿಂದುಳಿದು, ನಾಲ್ಕಾಗಿ ಮಡಿಸಿದ ಕರಪತ್ರವೊಂದನ್ನು ನಮ್ಮ ಮೇಜಿನ ಮೇಲಿಟ್ಟನು. ಅದು ಹಲಸೂರಿನ ಅವನ ಮನೆಯಲ್ಲಿ, ಸೋದರಮಾವನ ಅಂಗಿಯ ಜೇಬಿನಲ್ಲಿ ದೊರೆತದ್ದು. ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಹಂಚಿದುದಂತೆ. ಪುರುಷರ ನಿಶ್ಶಕ್ತಿಯನ್ನು ಕೇವಲ ಗಿಡಮೂಲಿಕೆಗಳಿಂದ ೪೦ ದಿನಗಳಲ್ಲಿ ನೀಗಿಸುವುದಾಗಿಯೂ, ಈ ಚೂರ್ಣವು ೫೦೦೦ ವರ್ಷಗಳ ಹಿಂದೆ ಚರಕಮಹರ್ಷಿಯು ಉಪದೇಶಿಸಿದ ವಾಜೀಕರಣವೇ ಆಗಿರುವುದಾಗಿಯೂ ಅದರಲ್ಲಿ ಅಚ್ಚಾಗಿತ್ತು. “ಸಾರ್, ಇದು ನಿಜವಾಗಿಯೂ ಚರಕದಲ್ಲಿದೆಯೆ?” ಎಂಬುದು ಹುಡುಗನ ಪ್ರಶ್ನೆ. ಮಾವನಿಗೆ ಬಹುಕಾಲದಿಂದ ಸಿಹಿಮೂತ್ರರೋಗವಿದೆ, ಎದೆನೋವು ಬಂದಾಗ ನಾಲಗೆಯ ಕೆಳಗೆ ಇಡುವ ಗುಳಿಗೆಯೂ ಇದೆ ಎಂದು ಅವನು ಆಮೇಲೆ, ತಲೆ ತಗ್ಗಿಸಿಕೊಂಡು ಹೇಳಿದನು. ನಾವು ವೈದ್ಯರಲ್ಲ. ಆದರೆ ಪ್ರಾಚೀನತೆಯನ್ನೇ ಸಾಕ್ಷಿಗೆ ಕರೆಯುವ ಲೇಖನವು ಬಾಣಸವಾಡಿಯ ಶಾಸನವಾಗಲಿ ಬೀದಿಯ ಕರಪತ್ರವಾಗಲಿ ಚರಿತ್ರಕಾರನ ಪರೀಕ್ಷೆಗೆ ಒಳಪಡತಕ್ಕದ್ದೇ ಸರಿ.

ಮೊದಲು ಕರಪತ್ರದ ಪಾಠವನ್ನೇ ನೋಡೋಣ. ದಂಡಿನ ಪ್ರದೇಶದ ಜನರನ್ನು ಬಲ್ಲವರು ಬರೆದುದಾದ್ದರಿಂದ ಅದು ಮೂರು ಭಾಷೆಗಳಲ್ಲಿದೆ. ಕನ್ನಡದ ಅಂಕಣದಲ್ಲಿ ಪ್ರಮಾಣಪುರುಷನು ಚರಕ. ತಮಿಳಿನ ಅಂಕಣದಲ್ಲಿ ಸಿದ್ಧರು. ಉರ್ದುವಿನಲ್ಲಿ ಇಬ್ನ್ ಸೀನಾ. ಚೂರ್ಣ ಒಂದೇ, ಬೆಲೆ ಒಂದೇ, ದೂರವಾಣಿಯ ಸಂಖ್ಯೆಯೂ ಒಂದೇ. ಒಂದೇ ದಾನವನ್ನು ಮೂವರು ಬೇರೆ ಬೇರೆ ಅರಸರು ಕೊಟ್ಟರೆಂದು ಹೇಳುವ ತಾಮ್ರಪಟವು ದೊರೆತರೆ ವಿದ್ವಾಂಸರು ಅದನ್ನು ಕೂಟಶಾಸನವೆಂದು ಬದಿಗಿಡುತ್ತಾರೆ. ಇಲ್ಲಿಯೂ ನಾವು ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಹುಡುಗನು ಕೇಳಿದುದು ಚರಕನ ವಿಷಯವನ್ನು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವು ವಾಜೀಕರಣಕ್ಕೆ ಮೀಸಲಾಗಿದೆ, ನಿಜ. ಆದರೆ ಅದಕ್ಕೆ ಮುನ್ನ, ಮೊದಲನೆಯ ಅಧ್ಯಾಯದ ಆರಂಭದಲ್ಲಿಯೇ, ಔಷಧವು ಎರಡು ಬಗೆಯೆಂದು ವಿಭಾಗಿಸಿದೆ: ಆರೋಗ್ಯವಂತನಿಗೆ ಬಲವನ್ನು ಕೊಡುವುದು ಒಂದು, ರೋಗಿಯ ರೋಗವನ್ನು ಕಳೆಯುವುದು ಮತ್ತೊಂದು. ರಸಾಯನ ಮತ್ತು ವಾಜೀಕರಣಗಳು ಪ್ರಧಾನವಾಗಿ ಮೊದಲನೆಯ ವರ್ಗಕ್ಕೆ ಸೇರಿದವು; ಅದರ ಮುಖ್ಯ ಗುರಿ ಸಂತಾನ. ಅಲ್ಲಿನ ಯೋಗಗಳ ಸಾಮಗ್ರಿಯೂ ಬಹುಮಟ್ಟಿಗೆ ಆಹಾರವೇ: ಉದ್ದು, ಹಾಲು, ತುಪ್ಪ, ಸಕ್ಕರೆ, ಅಕ್ಕಿ, ನಸುಗುನ್ನಿಯ ಬೀಜ. ಜೊತೆಗೆ ಕೋಳಿ, ಗುಬ್ಬಿ, ಮೊಸಳೆಯ ಮೊಟ್ಟೆಗಳೂ ಉಂಟು. ‘ಕೇವಲ ಗಿಡಮೂಲಿಕೆ’ ಎಂದವರು ಆ ಶ್ಲೋಕಗಳನ್ನು ಓದಿದಂತೆ ಕಾಣುವುದಿಲ್ಲ. ದೇಹಶೋಧನೆಯಿಲ್ಲದೆ ಕೊಟ್ಟ ವೃಷ್ಯಯೋಗವು ಕೊಳೆಬಟ್ಟೆಗೆ ಹಾಕಿದ ಬಣ್ಣದಂತೆ ಹತ್ತುವುದಿಲ್ಲವೆಂದೂ ಅದೇ ಅಧ್ಯಾಯವು ಎಚ್ಚರಿಸುತ್ತದೆ. ಬಸ್ ನಿಲ್ದಾಣದಲ್ಲಿ ಕೊಂಡ ಪೊಟ್ಟಣಕ್ಕೆ ಈ ಎಚ್ಚರಿಕೆ ಹೇಗೆ ಅನ್ವಯವಾದೀತು?

ರೋಗವಾದ ಕ್ಲೈಬ್ಯವನ್ನು ಸಂಹಿತೆಯು ಚರ್ಚಿಸುವುದು ಬಹಳ ಮುಂದೆ, ೩೦ನೆಯ ಅಧ್ಯಾಯದಲ್ಲಿ. ಬೀಜದೋಷ, ಅಂಗದ ರೋಗ, ಮುಪ್ಪು, ಶುಕ್ರಕ್ಷಯ ಎಂಬ ನಾಲ್ಕು ಕಾರಣಗಳಿಂದ ಅದು ನಾಲ್ಕು ಬಗೆ. ಈ ಭಾಗವು ಮೂಲಕರ್ತೃವಿನದಲ್ಲ. ಲುಪ್ತವಾಗಿದ್ದ ೧೭ ಅಧ್ಯಾಯಗಳನ್ನು ಶತಮಾನಗಳ ನಂತರ ತುಂಬಿದ ದೃಢಬಲನದು. ಅಂದಮೇಲೆ ‘೫೦೦೦ ವರ್ಷಗಳಿಂದ ಅಕ್ಷರವೂ ಬದಲಾಗದ’ ಎಂಬ ಮಾತಿಗೆ ಗ್ರಂಥದಲ್ಲಿಯೇ ಆಧಾರವಿಲ್ಲ. ಸುಶ್ರುತಸಂಹಿತೆಯು ಇನ್ನೂ ಸ್ಪಷ್ಟವಾಗಿದೆ. ಅದು ಹೇಳುವ ಆರು ಬಗೆಯ ಕ್ಲೈಬ್ಯಗಳಲ್ಲಿ ಮೊದಲನೆಯದು ಮನಸ್ಸಿನಿಂದ ಹುಟ್ಟಿದ್ದು; ಹುಟ್ಟಿನಿಂದ ಬಂದುದು ಮತ್ತು ಮರ್ಮಚ್ಛೇದದಿಂದಾದುದು ಅಸಾಧ್ಯವೆಂದು ಅದು ಸಂಕೋಚವಿಲ್ಲದೆ ಒಪ್ಪುತ್ತದೆ. ತನಗೆ ಆಗದುದನ್ನು ಆಗದೆಂದು ಬರೆದಿಟ್ಟ ಶಾಸ್ತ್ರಕಾರನೆಲ್ಲಿ, ‘ವಿಫಲವಾದರೆ ಹಣ ವಾಪಸ್’ ಎಂಬ ಕರಪತ್ರವೆಲ್ಲಿ!

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ವಾಜೀಕರಣಗಳಲ್ಲೆಲ್ಲ ಶ್ರೇಷ್ಠವಾದುದು ಮನಮೆಚ್ಚಿದ ಸ್ತ್ರೀಯೇ ಎಂದು ಚರಕನ ಮತ. ಸ್ತ್ರೀಯನ್ನು ದ್ರವ್ಯಗಳ ಸಾಲಿನಲ್ಲಿ ನಿಲ್ಲಿಸಿದ ಈ ದೃಷ್ಟಿ ನಮಗೆ ಒಪ್ಪಿಗೆಯಾಗದು. ಆದರೂ ಪ್ರೀತಿ ವಿಶ್ವಾಸಗಳಿಗೆ ಈ ವಿಷಯದಲ್ಲಿರುವ ಸ್ಥಾನವನ್ನು ಅದು ಗುರುತಿಸಿದೆ. ಕರಪತ್ರದಲ್ಲಾದರೋ ಹೆಂಡತಿಯ ಸುಳಿವೇ ಇಲ್ಲ. ಕುದುರೆಯ ಚಿತ್ರ ಮಾತ್ರ ಇದೆ.

ಕನ್ನಡದ ಪರಂಪರೆ ಈ ಪ್ರಸಂಗದಲ್ಲಿ ಇನ್ನಷ್ಟು ಬೋಧಪ್ರದವಾಗಿದೆ. ೧೧ನೆಯ ಶತಮಾನದ ಚಂದ್ರರಾಜನ ‘ಮದನತಿಲಕ’ವೂ ೧೫ನೆಯ ಶತಮಾನದ ಕಲ್ಲರಸನ ‘ಜನವಶ್ಯ’ವೂ ಕಾಮಶಾಸ್ತ್ರವನ್ನು ಕನ್ನಡಕ್ಕೆ ತಂದ ಕೃತಿಗಳು, ಇಂತಹ ವಿಷಯವನ್ನು ಬಹಿರಂಗವಾಗಿ ಪದ್ಯದಲ್ಲಿ ಹೇಳುವುದಕ್ಕೆ ನಮ್ಮ ಹಿರಿಯರು ನಾಚಿದವರಲ್ಲ. ಸುಮಾರು ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು, ಅದರ ಚಿಕಿತ್ಸೆಯಲ್ಲಿ ಮಾಂಸವಾಗಲಿ ಮದ್ಯವಾಗಲಿ ಇಲ್ಲ. ಅದಕ್ಕೂ ಮುಂಚೆ ೯ನೆಯ ಶತಮಾನದಲ್ಲಿ ಉಗ್ರಾದಿತ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಔಷಧಕ್ಕೆ ಮಾಂಸವು ಬೇಕಿಲ್ಲವೆಂದು ವಾದಿಸಿದ್ದನು. ಚರಕನ ಗುಬ್ಬಿ ಮೊಸಳೆಗಳನ್ನು ಈ ಜೈನ ವೈದ್ಯರು ಧರ್ಮದ ಕಾರಣದಿಂದ ಕೈಬಿಟ್ಟರು. ಕಾರಣವೇನೇ ಇರಲಿ, ಹಳೆಯ ಯೋಗವನ್ನು ತಿದ್ದುವ ಅಧಿಕಾರ ತಮಗಿದೆಯೆಂದು ಅವರು ತಿಳಿದಿದ್ದರು. ಹೀಗಿರುವಲ್ಲಿ ‘ಪರಂಪರೆ’ಯ ಹೆಸರಿನಲ್ಲಿ ಪರೀಕ್ಷೆಯನ್ನೇ ನಿಷೇಧಿಸುವವರು ಯಾವ ಪರಂಪರೆಗೆ ಸೇರಿದವರು?

ಕರಪತ್ರದ ತಲೆಬರಹದಲ್ಲಿರುವ ‘ಗುಪ್ತರೋಗ’ವೆಂಬ ಮಾತನ್ನೂ ಪರೀಕ್ಷಿಸಬೇಕು. ಸೋಂಕಿನ ಮೇಹರೋಗಗಳೂ ನಿಶ್ಶಕ್ತಿಯೂ ಒಂದೇ ಹೆಸರಿನ ಕೆಳಗೆ ಬಂದಿವೆ. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿತು; ೧೯೪೭ರಲ್ಲಿ ಆ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. ಬ್ರಿಟಿಷರ ದಂಡುಗಳಲ್ಲಿ ಸೈನಿಕನ ಮೇಹರೋಗವು ಸರ್ಕಾರದ ಚಿಂತೆ. ೧೮೬೮ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಆ ಚಿಂತೆಯ ಭಾರವನ್ನೆಲ್ಲ ವೇಶ್ಯೆಯರ ಮೇಲೆ ಹೊರಿಸಿತ್ತು. ಸೋಂಕಿಗೆ ಅಂಟಿದ ಆ ನಾಚಿಕೆಯನ್ನೇ ಸೋಂಕಲ್ಲದ ಒಂದು ದೌರ್ಬಲ್ಯಕ್ಕೂ ನಮ್ಮ ಬೀದಿಯ ಭಾಷೆ ಅಂಟಿಸಿತೆಂಬುದು ನಮ್ಮ ಊಹೆ. ನಾಚಿಕೆಯಿದ್ದಲ್ಲಿ ಗಿರಾಕಿ ರಸೀದಿ ಕೇಳುವುದಿಲ್ಲ.

ಇಂತಹ ಜಾಹೀರಾತು ಅಪರಾಧವೆಂಬುದು ವಾಚಕರಲ್ಲಿ ಹಲವರಿಗೆ ತಿಳಿಯದಿರಬಹುದು. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ೩ನೆಯ ಪ್ರಕರಣವು ಲೈಂಗಿಕ ಸುಖದ ಸಾಮರ್ಥ್ಯವನ್ನು ಹೆಚ್ಚಿಸುವ ಔಷಧಗಳ ಪ್ರಚಾರವನ್ನು ನಿಷೇಧಿಸುತ್ತದೆ. ಅದರ ಅನುಸೂಚಿಯಲ್ಲಿ ನಪುಂಸಕತ್ವವೂ ಇದೆ. ಹಮ್‌ದರ್ದ್ ದವಾಖಾನೆಯು ಇದನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು ೧೯೫೯ರ ಡಿಸೆಂಬರಿನಲ್ಲಿ ಕೆಲವು ಭಾಗಗಳನ್ನು ರದ್ದುಮಾಡಿದರೂ ಈ ನಿಷೇಧವನ್ನು ಉಳಿಸಿತು. ಕಾಯಿದೆಯೂ ಇದೆ, ಕರಪತ್ರವೂ ಇದೆ.

ಹಾಗಾದರೆ ಮೂಲಿಕೆಗಳಲ್ಲಿ ಏನೂ ಇಲ್ಲವೆ? ಹಾಗೆಂದು ನಾವು ಹೇಳಲಾರೆವು. ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಎಂಬ ಪ್ರಬಲ ದ್ರವ್ಯವಿರುವುದು ಸಿದ್ಧವಾಗಿದೆ. ಆದರೆ ಒಂದು ಗಿಡದಲ್ಲಿ ಶಕ್ತಿಯಿದೆಯೆಂಬುದು ಬೇರೆ, ಅದು ಈ ರೋಗವನ್ನು ಕಳೆಯುತ್ತದೆಯೆಂಬುದು ಬೇರೆ. ಜಾಮನಗರದ ಆಯುರ್ವೇದ ಪತ್ರಿಕೆ ‘ಆಯು’ವಿನಲ್ಲಿ ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮಾನಸಿಕ ಕಾರಣದ ನಿಶ್ಶಕ್ತಿಯುಳ್ಳವರಲ್ಲಿ ಕೆಲವರಿಗೆ ಅಶ್ವಗಂಧವನ್ನೂ ಉಳಿದವರಿಗೆ ನಿರೌಷಧವನ್ನೂ ಕೊಟ್ಟುನೋಡಿದರು, ಅಶ್ವಗಂಧವು ಮೇಲೆನಿಸಲಿಲ್ಲ. ಇದನ್ನು ಬರೆದವರು ಆಯುರ್ವೇದ ವಿದ್ವಾಂಸರೇ ಎಂಬುದನ್ನು ಗಮನಿಸಬೇಕು. ಉಗ್ರಾದಿತ್ಯನ ವಾರಸುದಾರರನ್ನು ನಾವು ಹುಡುಕುವುದಾದರೆ ಅಲ್ಲಿ ಹುಡುಕಬೇಕು.

ಎರಡು ಅಪಾಯಗಳು ಮಾತ್ರ ಊಹೆಯವಲ್ಲ. ಜನನಾಂಗಕ್ಕೆ ರಕ್ತವನ್ನೊಯ್ಯುವ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಸಿಹಿಮೂತ್ರರೋಗಿಯಲ್ಲಿ ಅವು ಮೊದಲು ಕಟ್ಟಿಕೊಳ್ಳುವುದರಿಂದ ನಿಶ್ಶಕ್ತಿಯು ಅನೇಕ ವೇಳೆ ಹೃದ್ರೋಗದ ಮುನ್ಸೂಚನೆ. ಚೂರ್ಣ ತಿನ್ನುತ್ತ ಕಳೆದ ತಿಂಗಳುಗಳು ಆ ಸೂಚನೆಯನ್ನು ಕಡೆಗಣಿಸಿದ ತಿಂಗಳುಗಳು. ಎರಡನೆಯದು ಇನ್ನೂ ಘೋರ. ೧೯೯೮ರಲ್ಲಿ ಅಮೆರಿಕದಲ್ಲಿ ಮಾನ್ಯವಾದ ಸಿಲ್ಡೆನಾಫಿಲ್ ಎಂಬ ಔಷಧವನ್ನು ‘ಗಿಡಮೂಲಿಕೆ’ ಪೊಟ್ಟಣಗಳಲ್ಲಿ ಗುಟ್ಟಾಗಿ ಬೆರೆಸಿರುವುದನ್ನು ಆ ದೇಶದ ಔಷಧ ಇಲಾಖೆ ಪದೇಪದೇ ಪತ್ತೆಹಚ್ಚಿದೆ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವನ ದೇಹದಲ್ಲಿ ಇವೆರಡೂ ಸೇರಿದರೆ ರಕ್ತದ ಒತ್ತಡವು ಪ್ರಾಣಾಂತಿಕವಾಗಿ ಕುಸಿಯಬಹುದು. ಚೂರ್ಣವು ‘ಕೆಲಸ ಮಾಡಿತು’ ಎಂದು ಸಂತೋಷಪಡುವವನೇ ಹೆಚ್ಚು ಭಯಪಡಬೇಕಾದವನು.

ಹುಡುಗನಿಗೆ ನಾವು ಚರಕದಲ್ಲಿ ಇದು ಇಲ್ಲವೆಂದು ಹೇಳಿ, ಶ್ಲೋಕಗಳನ್ನು ತೋರಿಸಿದೆವು. ಅವನಿಗೆ ಅಷ್ಟೇ ಸಾಲದೆಂಬುದು ಮುಖದಲ್ಲಿ ತಿಳಿಯುತ್ತಿತ್ತು. ಮಾವನೊಡನೆ ಈ ಮಾತೆತ್ತುವುದು ಹೇಗೆ? ಕರಪತ್ರವನ್ನು ನಮ್ಮ ಹೆಸರು ಹೇಳಿ ಹಿಂದಿರುಗಿಸುವಂತೆಯೂ, ಅದರ ಹಿಂಬದಿಯಲ್ಲಿ ನಾವು ಪೆನ್ಸಿಲಿನಿಂದ ಬರೆದ ನಾಲ್ಕು ಸಾಲುಗಳನ್ನು ಮಾವನೇ ಓದಿಕೊಳ್ಳಲೆಂದೂ ಹೇಳಿದೆವು. ಎರಡು ವಾರಗಳ ಮೇಲೆ ಮಾವನವರು ಒಬ್ಬರೇ ಕಾಲೇಜಿಗೆ ಬಂದರು. ಕುಳಿತುಕೊಳ್ಳಲಿಲ್ಲ. “ಡಾಕ್ಟರು ಪೊಟ್ಟಣ ತೆಗೆದಿಟ್ಟುಕೊಂಡರು ಸ್ವಾಮಿ, ಹೃದಯದ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ,” ಎಂದರು. ಹುಡುಗನಿಗೆ ಇದೊಂದೂ ತಿಳಿಯಬಾರದೆಂದು ಕೇಳಿಕೊಂಡು ಹೊರಟುಹೋದರು.